ಪಂಪು ಅಣ್ಣನ ಬ್ಯಾಗಲ್ಲಿ, ಟ್ಯೂಬು ತಮ್ಮನ ಬ್ಯಾಗಲ್ಲಿ

ಮಳೆ ನಿಂತು ಅಕ್ಟೋಬರ್ ಬಂತೆಂದರೆ ನನಗೆ ಬರುವ ಪತ್ರಗಳ ಧಾಟಿ ಒಂದೇ. ಕಾರಿಗೆ ಎರಡು ಸೈಕಲ್ ಕಟ್ಟಿಕೊಂಡು ಮಲೆನಾಡಿಗೆ ಹೊರಟಿದ್ದೇವೆ, ಸಲಹೆ ಕೊಡಿ. ಹದಿನೈದು ವರ್ಷದಿಂದ ಎಂಟಿಬಿ, ಅಂದರೆ ಮೌಂಟನ್ ಬೈಕ್ ಸೈಕಲ್ ರಿಪೇರಿ ಮಾಡುತ್ತಾ, ಜನರನ್ನು ಗುಡ್ಡ ಹತ್ತಿಸಿ ಇಳಿಸುತ್ತಾ ಬಂದಿದ್ದೇನೆ. ಹೆಲ್ಮೆಟ್ ಬೇಕಾ, ನೀರು ಎಷ್ಟು ಒಯ್ಯಬೇಕು ಎಂದು ಕೇಳುವವರಿಗೆ ಇನ್ನು ಉತ್ತರ ಬರೆಯುವುದಿಲ್ಲ. ಈ ಸಲ ಹೆಚ್ಚಿನ ಜಾಗ ಒಂದೇ ಪತ್ರಕ್ಕೆ. ಉಳಿದವರಿಗೆ ಕೊನೆಯಲ್ಲಿ ಒಂದೆರಡು ಸಾಲು, ಕ್ಷಮಿಸಿ.

ಪ್ರಶ್ನೆ: ನಾವಿಬ್ಬರು ಅಕ್ಕ-ತಮ್ಮ ನಾಲ್ಕು ದಿನದ ಟ್ರಿಪ್ ಹಾಕಿಕೊಂಡಿದ್ದೇವೆ. ಶುಕ್ರವಾರ ಬೆಳಗ್ಗೆ ಬೆಂಗಳೂರು ಬಿಟ್ಟು ಸಕಲೇಶಪುರ, ಮಧ್ಯಾಹ್ನ ಅಲ್ಲೇ 40 ಕಿ.ಮೀ. ಮಣ್ಣಿನ ದಾರಿ. ಶನಿವಾರ ಬಿಸಿಲೆ ಘಾಟಿ. ಭಾನುವಾರ ಮೂಡಿಗೆರೆ ಮೇಲೆ ಚಿಕ್ಕಮಗಳೂರು, ಮುಳ್ಳಯ್ಯನಗಿರಿ. ಸೋಮವಾರ ಕೆಮ್ಮಣ್ಣುಗುಂಡಿ ಮುಗಿಸಿ ವಾಪಸ್. ನಾನು ವಾರಕ್ಕೊಮ್ಮೆ ನಂದಿ ಬೆಟ್ಟ ಹತ್ತುತ್ತೇನೆ. ತಮ್ಮ ಹೋದ ವರ್ಷವಷ್ಟೇ ಸೈಕಲ್ ಕೊಂಡ. ಪ್ಲ್ಯಾನ್ ಸರಿ ಇದೆಯಾ?

ಉತ್ತರ: ಸರಿ ಇಲ್ಲ. ಇದು ಸೈಕಲ್ ಟ್ರಿಪ್ ಅಲ್ಲ, ಕಾರಿನ ಟ್ರಿಪ್. ಸೈಕಲ್‌ಗಳು ಹಿಂದೆ ನೇತಾಡಿಕೊಂಡು ಊರು ನೋಡಿ ಬರುತ್ತವೆ, ಅಷ್ಟೇ.

ಲೆಕ್ಕ ಹಾಕಿ. ಬೆಂಗಳೂರಿಂದ ಸಕಲೇಶಪುರಕ್ಕೆ ಸುಮಾರು 220 ಕಿ.ಮೀ. ತಿಂಡಿ, ಕಾಫಿ ಸೇರಿ ಐದು ಗಂಟೆ ಹಿಡಿಯಿರಿ. ರೂಮಿಗೆ ಹೋಗಿ, ಊಟ ಮಾಡಿ, ಸೈಕಲ್ ಜೋಡಿಸುವಷ್ಟರಲ್ಲಿ ಎರಡೂವರೆ. ಏರಿಳಿತದ ಮಣ್ಣುದಾರಿಯಲ್ಲಿ ಹೊಸಬರ ಸರಾಸರಿ ಗಂಟೆಗೆ 10 ಕಿ.ಮೀ. ದಾಟಿದರೆ ಅದೇ ದೊಡ್ಡದು. ಅಂದರೆ ನೀವು ವಾಪಸ್ ಬರುವುದು ಕತ್ತಲಲ್ಲಿ. ಸಕಲೇಶಪುರ, ಆಲೂರು ಕಡೆ ಕಾಫಿ ತೋಟಗಳಲ್ಲೇ ಕಾಡಾನೆ ಓಡಾಡುತ್ತವೆ. ಸೈಕಲ್‌ಗೆ ಸದ್ದಿಲ್ಲ. ನೀವು ಬರುವುದು ಆನೆಗೂ ತಿಳಿಯುವುದಿಲ್ಲ, ಆನೆ ನಿಂತಿರುವುದು ನಿಮಗೂ ತಿಳಿಯುವುದಿಲ್ಲ. ಬೆಳಗ್ಗೆ ಎಂಟಕ್ಕೆ ಮೊದಲು, ಸಂಜೆ ನಾಲ್ಕೂವರೆ ಆದ ಮೇಲೆ ನಾನು ಅಲ್ಲಿ ಯಾರನ್ನೂ ತೋಟದ ದಾರಿಗೆ ಇಳಿಸುವುದಿಲ್ಲ. ನನಗೆ ಪುಕ್ಕಲು ಅನ್ನುವವರಿದ್ದಾರೆ, ಅನ್ನಲಿ. ಹೊರಡುವ ಮುಂಚೆ ಹೋಂಸ್ಟೇಯವರನ್ನು ಕೇಳಿ. ಆನೆ ಯಾವ ಕಡೆ ಇದೆ ಅಂತ ಊರವರಿಗೆ ಗೊತ್ತಿರುತ್ತದೆ.

ಇನ್ನು ನಿಮ್ಮ ನಂದಿ ಬೆಟ್ಟ. ಅದು ಟಾರು ರಸ್ತೆ. ಕಾಲಿಗೆ, ಉಸಿರಿಗೆ ಒಳ್ಳೆಯದು, ಒಪ್ಪಿದೆ. ಮಣ್ಣು, ಜಲ್ಲಿ, ಬೇರು ತುಂಬಿದ ಇಳಿಜಾರಿನಲ್ಲಿ ಮೊದಲು ಸೋಲುವುದು ಕಾಲಲ್ಲ, ಬೆರಳು ಮತ್ತು ಮುಂಗೈ. ಹೊಸಬರು ಹೆದರಿಕೆಯಿಂದ ಎರಡೂ ಬ್ರೇಕ್ ಹಿಡಿದೇ ಇಳಿಯುತ್ತಾರೆ. ರೋಟರ್, ಅಂದರೆ ಡಿಸ್ಕ್ ಬ್ರೇಕಿನ ತಟ್ಟೆ ಕಾದು, ಅದನ್ನು ಕಚ್ಚುವ ಪ್ಯಾಡ್ ಹಿಡಿತ ಕಳೆದುಕೊಳ್ಳುತ್ತದೆ, ಕೈಯೂ ಮರಗಟ್ಟುತ್ತದೆ. ತಿರುವಿಗೆ ಮೊದಲೇ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಆಮೇಲೆ ಬಿಡಿ. ಇದನ್ನು ತಮ್ಮನಿಗೆ ಊರಲ್ಲೇ ಕಲಿಸಿ.

ಹಾಗಾಗಿ ಮುಳ್ಳಯ್ಯನಗಿರಿ, ಕೆಮ್ಮಣ್ಣುಗುಂಡಿ ಎರಡಕ್ಕೂ ಗೀಟು ಹಾಕಿ. ಭಾನುವಾರ ಮುಳ್ಳಯ್ಯನಗಿರಿ ರಸ್ತೆಯಲ್ಲಿ ಪ್ರವಾಸಿಗರ ಕಾರು, ಜೀಪುಗಳ ಹೊಗೆ ಕುಡಿಯಲು ಸೈಕಲ್ ಯಾಕೆ ಒಯ್ಯಬೇಕು? ಸಕಲೇಶಪುರದ ಹತ್ತಿರ ಒಂದೇ ಕಡೆ ಮೂರು ರಾತ್ರಿ ಇರಿ. ಶುಕ್ರವಾರ ತಲುಪಿ, ಸೈಕಲ್ ಜೋಡಿಸಿ, ಅರ್ಧ ಗಂಟೆ ಓಡಿಸಿ ನೋಡಿ, ಸಾಕು. ಶನಿವಾರ 30 ಕಿ.ಮೀ., ಭಾನುವಾರ 20. ಸೋಮವಾರ ಸೈಕಲ್ ಮುಟ್ಟಬೇಡಿ. ಇಳಿಜಾರಿನಲ್ಲಿ ನಜ್ಜಾದ ಕೈಯಲ್ಲಿ 220 ಕಿ.ಮೀ. ಸ್ಟೇರಿಂಗ್ ಹಿಡಿಯುವುದು ಸಾಹಸ ಅಲ್ಲ, ದಡ್ಡತನ.

ದಾರಿ ಎಲ್ಲಿ ಅಂತೀರಾ? ಮೊಬೈಲ್ ಮ್ಯಾಪಿನಲ್ಲಿ ಯಾರೋ ಎಳೆದ ಗೆರೆ ನಂಬಬೇಡಿ. ಆ ಗೆರೆ ಅರ್ಧ ಯಾರದೋ ಎಸ್ಟೇಟಿನೊಳಗೆ, ಅರ್ಧ ಮೀಸಲು ಅರಣ್ಯದೊಳಗೆ ಹೋಗಿರುತ್ತದೆ. ಎಸ್ಟೇಟಾದರೆ ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಹತ್ತಿರ ಹೋಗಿ ಮರ್ಯಾದೆಯಿಂದ ಕೇಳಿ. ಕಾಫಿ ಕುಯ್ಲಿನ ಕಾಲದಲ್ಲಿ ಬೇಡ ಅಂದರೆ ಬೇಡ, ಅವರಿಗೆ ಸಾವಿರ ಕೆಲಸ. ಬಿಸಿಲೆಯಲ್ಲಿ ರಸ್ತೆ ಬಿಟ್ಟು ಕಾಡಿಗೆ ಇಳಿಯಬೇಡಿ. ಅನುಮತಿ ಇಲ್ಲದೆ ಮೀಸಲು ಅರಣ್ಯಕ್ಕೆ ನುಗ್ಗಿದರೆ ಅಪರಾಧ. ಸೈಕಲ್ ತಾನೇ ಎಂದು ಯಾರೂ ಬಿಡುವುದಿಲ್ಲ.

ಈಗ ನೀವು ಕೇಳದೇ ಇರುವ ವಿಷಯ. ಒಡಹುಟ್ಟಿದವರ ಜೊತೆ ಹೋಗುವುದು ಗೆಳೆಯರ ಜೊತೆ ಹೋದಂತಲ್ಲ. ಗೆಳೆಯರಾದರೆ ಮುಲಾಜು ಇರುತ್ತದೆ. ಒಮ್ಮೆ ಕೊಟ್ಟಿಗೆಹಾರದ ಆಚೆ ನನಗೂ ನಮ್ಮಣ್ಣನಿಗೂ ಎಡಕ್ಕೋ ಬಲಕ್ಕೋ ಎಂದು ಜಗಳ ಆಯಿತು. ಜಗಳ ದಾರಿಯದಲ್ಲ, ಇಪ್ಪತ್ತು ವರ್ಷ ಹಳೆಯದು, ದಾರಿ ಒಂದು ನೆಪ. ಅವನು ಎಡಕ್ಕೆ ಹೋದ, ನಾನು ಬಲಕ್ಕೆ. ಮೂರು ಕಿ.ಮೀ. ಹೋಗುವಷ್ಟರಲ್ಲಿ ನನ್ನ ಟೈರ್ ಪಂಚರ್. ಟ್ಯೂಬು ನನ್ನ ಬ್ಯಾಗಲ್ಲಿತ್ತು, ಪಂಪು ಅವನ ಬ್ಯಾಗಲ್ಲಿ. ನೆಟ್‌ವರ್ಕ್ ಇಲ್ಲ. ಸೈಕಲ್ ತಳ್ಳಿಕೊಂಡು ಎರಡು ಗಂಟೆ ನಡೆದೆ. ಮುಂದೆ ಒಂದು ಅಂಗಡಿಯಲ್ಲಿ ಅಣ್ಣ ಎರಡನೇ ಕಾಫಿ ಕುಡಿಯುತ್ತಾ ಕೂತಿದ್ದ.

ಆದ್ದರಿಂದ ಪಂಪು, ಟ್ಯೂಬು, ಟೈರ್ ಬಿಚ್ಚುವ ಲಿವರ್, ತುಂಡಾದ ಚೈನ್ ಜೋಡಿಸುವ ಕ್ವಿಕ್‌ಲಿಂಕ್ ಇಬ್ಬರ ಹತ್ತಿರವೂ ಇರಲಿ. ನಿಮ್ಮದು 29 ಇಂಚಿನ ಚಕ್ರ, ಅವರದು 27.5 ಆಗಿದ್ದರೆ ಟ್ಯೂಬು ಬೇರೆ ಬೇರೆ. ಗಾಳಿ ತುಂಬುವ ವಾಲ್ವ್ ಸಪೂರದ ಪ್ರೆಸ್ಟಾನಾ, ಕಾರಿನ ಟೈರಿನಂಥ ದಪ್ಪ ಶ್ರೇಡರಾ, ಪಂಪಿಗೆ ಕೂರುತ್ತದಾ, ಮನೆಯಲ್ಲೇ ನೋಡಿ. ಹಿಂದಿನ ಗೇರನ್ನು ಫ್ರೇಮಿಗೆ ಹಿಡಿದಿಡುವ ಚಿಕ್ಕ ತುಂಡು, ಅಂದರೆ ಗೇರ್ ಹ್ಯಾಂಗರ್, ಇಬ್ಬರಿಗೂ ಒಂದೊಂದು ಎಕ್ಸ್‌ಟ್ರಾ ಇರಲಿ. ಒಂದು ಮಾಡೆಲಿನದು ಸಾಮಾನ್ಯವಾಗಿ ಇನ್ನೊಂದಕ್ಕೆ ಕೂರುವುದಿಲ್ಲ, ಸಕಲೇಶಪುರದಲ್ಲಿ ಹುಡುಕಿದರೆ ಸಿಗುವುದೂ ಇಲ್ಲ. ಡಿಸ್ಕ್ ಬ್ರೇಕಿನ ಚಕ್ರ ಬಿಚ್ಚಿ ಕಾರಿಗೆ ತುಂಬುವುದಾದರೆ ಪ್ಯಾಡ್‌ಗಳ ನಡುವೆ ಮಡಿಸಿದ ರಟ್ಟಿನ ಚೂರು ಸಿಕ್ಕಿಸಿ. ಇಲ್ಲದಿದ್ದರೆ, ಯಾರಾದರೂ ಬ್ರೇಕ್ ಲಿವರ್ ಒತ್ತಿದಾಗ ಪ್ಯಾಡ್ ತಳ್ಳುವ ಪಿಸ್ಟನ್ ಹೊರಗೆ ಬಂದು, ಆಮೇಲೆ ರೋಟರ್ ಒಳಗೇ ಹೋಗುವುದಿಲ್ಲ. ಒತ್ತುವವರು ಇದ್ದೇ ಇರುತ್ತಾರೆ.

ಏರಿನಲ್ಲಿ ಇಬ್ಬರೂ ತಮ್ಮ ತಮ್ಮ ಗತಿಯಲ್ಲಿ ಹತ್ತಲಿ. ಆದರೆ ದಾರಿ ಒಡೆಯುವ ಪ್ರತಿ ಕಡೆ ಮುಂದಿದ್ದವರು ನಿಲ್ಲಬೇಕು. ತಮ್ಮ ಏದುಸಿರು ಬಿಡುತ್ತಾ ಬಂದ ಕೂಡಲೇ ‘ಹೊರಡೋಣ್ವಾ’ ಎನ್ನಬೇಡಿ. ನೀವು ಹತ್ತು ನಿಮಿಷ ಕೂತು ಸುಧಾರಿಸಿಕೊಂಡಿರುತ್ತೀರಿ, ಅವರಿಗೆ ಒಂದು ನಿಮಿಷವೂ ಸಿಕ್ಕಿರುವುದಿಲ್ಲ. ದಿನವಿಡೀ ಹೀಗೆ ನಡೆದರೆ ಸಂಜೆ ಅವರು ಬೀಳುವುದು ಖಂಡಿತ. ಹೊರಡುವುದು ಯಾವಾಗ ಅಂತ ಹಿಂದಿದ್ದವರೇ ಹೇಳಲಿ. ‘ಇವತ್ತಿಗೆ ಸಾಕು’ ಅಂತ ಇಬ್ಬರಲ್ಲಿ ಯಾರು ಅಂದರೂ ಅವತ್ತಿಗೆ ಸಾಕು. ಅಕ್ಕ ಅನ್ನುವ ಅಧಿಕಾರ ಊಟದ ಹೊತ್ತಿಗೆ ಇಟ್ಟುಕೊಳ್ಳಿ.

ಪ್ರಶ್ನೆ: ಚೈನಿಗೆ ಬೈಕಿನ ಹಳೇ ಎಂಜಿನ್ ಆಯಿಲ್ ಹಾಕಬಹುದಾ? ಅಂಗಡಿಯವರೇ ಹೇಳಿದರು.

ಉತ್ತರ: ಅಂಗಡಿ ಬದಲಾಯಿಸಿ.

ಪ್ರಶ್ನೆ: ಮೈಕೈ ನೋವು ಬರದ ಹಾಗೆ ಬೆಳಗ್ಗೆಯೇ ನೋವಿನ ಮಾತ್ರೆ ನುಂಗಿ ಎಂದು ಜಿಮ್ ಟ್ರೈನರ್ ಅಂದರು.

ಉತ್ತರ: ಆ ಮಹಾನುಭಾವರು ಡಾಕ್ಟರಾ? ಬೆವರು ಸುರಿದು ಮೈಯಲ್ಲಿ ನೀರು ಕಮ್ಮಿಯಾದಾಗ ಇಂಥ ಮಾತ್ರೆ ಕಿಡ್ನಿಗೆ ಹೊಡೆಯಬಹುದು. ನೋವು ಬಂದರೆ ನಿಲ್ಲಿ. ಎಲ್ಲಿ ನಿಲ್ಲಿಸಬೇಕೆಂದು ಹೇಳಲೆಂದೇ ಅದು ಬರುವುದು.

ಪ್ರಶ್ನೆ: 12 ಸಾವಿರಕ್ಕೆ ಡಬಲ್ ಸಸ್ಪೆನ್ಷನ್ ಸೈಕಲ್ ಸಿಗುತ್ತಿದೆ. ತಗೊಳ್ಳಲಾ?

ಉತ್ತರ: ಆ ಬೆಲೆಗೆ ಸಿಗುವುದು ಸಸ್ಪೆನ್ಷನ್ ಅಲ್ಲ, ಸ್ಪ್ರಿಂಗು. ಬೇಡ.

ಪ್ರಶ್ನೆ: ಸೈಕಲ್ ಕಾರಿನ ಮೇಲೆ ಕಟ್ಟಬೇಕಾ, ಹಿಂದೆಯಾ?

ಉತ್ತರ: ಹಿಂದೆ. ನಂಬರ್ ಪ್ಲೇಟ್ ಮರೆಯಾಗದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ದಂಡ. ನನ್ನ ಗಿರಾಕಿಯೊಬ್ಬರು ಮೇಲೆ ಸೈಕಲ್ ಇರುವುದು ಮರೆತು ಲಾಡ್ಜಿನ ಪೋರ್ಟಿಕೋದೊಳಗೆ ಕಾರು ನುಗ್ಗಿಸಿದರು. ಫ್ರೇಮ್ ಎರಡು ತುಂಡು.

ಪ್ರಶ್ನೆ: ಅಕ್ಕನ ಜೊತೆ ನಾಲ್ಕು ದಿನ ಮಲೆನಾಡಿಗೆ ಹೋಗಬೇಕು. ಮೂರು ವಾರದಲ್ಲಿ ಅವಳಷ್ಟು ಫಿಟ್ ಆಗುವುದು ಹೇಗೆ?

ಉತ್ತರ: ಆಗುವುದಿಲ್ಲ. ಇಳಿಜಾರಿಗೆ ಮೊದಲು ಸೀಟು ತಗ್ಗಿಸುವುದು ಕಲಿಯಿರಿ, ನಿಮ್ಮ ಪಂಪು ನೀವೇ ಒಯ್ಯಿರಿ. ಮೇಲಿನ ಮೊದಲ ಉತ್ತರವನ್ನು ಅಕ್ಕನಿಗೆ ತೋರಿಸಿ. ನಾನು ಹೇಳಿದೆ ಅನ್ನಿ.