ಕೊಂಡಿ ಎಣಿಸಿ, ಆಮೇಲೆ ಮಾತಾಡಿ

ಪ್ರಶ್ನೆ: ಪ್ರಜ್ಞಾನ್‌ನಂಥ ಒಂದೇ ರೋವರ್ ಬದಲು, ಒಂದಕ್ಕೊಂದು ಕೂಡಿಕೊಂಡು ಬೇಕಾದ ಆಕಾರಕ್ಕೆ ಬದಲಾಗುವ 20 ಪುಟ್ಟ ರೋಬೋಟ್‌ಗಳನ್ನು ಚಂದ್ರನಿಗೆ ಕಳಿಸಬಾರದೇ? ಒಂದು ಕೆಟ್ಟರೆ ಇನ್ನೊಂದಿರುತ್ತದೆ. ಸ್ಪೇಡೆಕ್ಸ್ ಪ್ರಯೋಗದಲ್ಲಿ ಕಕ್ಷೆಯಲ್ಲೇ ಉಪಗ್ರಹಗಳನ್ನು ಜೋಡಿಸಿದ ಇಸ್ರೋಗೆ ಇದೇನು ಕಷ್ಟ?

ಉತ್ತರ: ಈ ತಿಂಗಳು ಇದೇ ಪ್ರಶ್ನೆ ನಾಲ್ಕನೇ ಸಲ ಬಂದಿದೆ. "ಒಂದು ಕೆಟ್ಟರೆ ಇನ್ನೊಂದು" ಎನ್ನುವವರು ರೋಬೋಟ್‌ಗಳನ್ನು ಎಣಿಸುತ್ತಾರೆ, ನಡುವಿನ ಕೊಂಡಿಗಳನ್ನು ಬಿಟ್ಟುಬಿಡುತ್ತಾರೆ. ಒಂದು ಕೊಂಡಿ 100ಕ್ಕೆ 98 ಸಲ ಸರಿಯಾಗಿ ಕಚ್ಚುತ್ತದೆ ಎಂದುಕೊಳ್ಳಿ. ಅಂಥ 20 ಕೊಂಡಿಗಳೂ ಒಟ್ಟಿಗೆ ಕಚ್ಚುವ ಸಾಧ್ಯತೆ 100ಕ್ಕೆ 67 ಮಾತ್ರ. ಸಾಲಿನ ನಡುವಿನ ಒಂದು ಘಟಕ ಕಚ್ಚಿಕೊಂಡೇ ಸತ್ತರೆ ಬಿಡಿಸುವವರು ಯಾರು?

2025ರ ಜನವರಿ 16ರಂದು ಸ್ಪೇಡೆಕ್ಸ್ ಉಪಗ್ರಹಗಳು ಕೂಡಿದ್ದು ನನಗೂ ಹೆಮ್ಮೆಯೇ. ಆದರೆ ಕಕ್ಷೆಯಲ್ಲಿ ಮಣ್ಣಿಲ್ಲ. ಚಂದ್ರನ ಧೂಳು ಗಾಳಿ, ನೀರಿಗೆ ಸವೆದದ್ದಲ್ಲ. ಗಾಜಿನ ಚೂರಿನಂತೆ ಹರಿತ. ವಿದ್ಯುದಾವೇಶದಿಂದ ಸಿಕ್ಕಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆ. ಅಪೊಲೊ ಯಾತ್ರಿಗಳು ತಂದ ಕಲ್ಲಿನ ಪೆಟ್ಟಿಗೆಗಳ ಸೀಲ್‌ಗಳನ್ನೂ ಅದು ಬಿಡಲಿಲ್ಲ. ಸೇಲಂ ಕಡೆಯ ಸಿತ್ತಂಪೂಂಡಿಯಲ್ಲಿ ಸಿಗುವ, ಚಂದ್ರನ ಕಲ್ಲನ್ನು ಹೋಲುವ ಅನಾರ್ಥೊಸೈಟ್ ಕಲ್ಲನ್ನು ಅರೆದು ಇಸ್ರೋ ಪರೀಕ್ಷೆಗೆಂದು ಚಂದ್ರನ ಮಣ್ಣು ತಯಾರಿಸಿಕೊಂಡದ್ದು ಸುಮ್ಮನೆ ಅಲ್ಲ. ಅಂಥದೇ ಪುಡಿಯನ್ನು ನಾನೊಮ್ಮೆ ಒಂದು ಕೊಂಡಿಯ ಮೇಲೆ ಉದುರಿಸಿದ್ದೆ, ಒಂದೇ ಚಿಟಿಕೆ. ಕೊಕ್ಕೆ ಒಳಗೆ ಹೋಯಿತು, ಕಟಕ್ಕೆಂದು ಕೂರಲಿಲ್ಲ. ವಿದ್ಯುತ್ ಪಿನ್ನು ಕೂದಲೆಳೆಯಷ್ಟು ದೂರದಲ್ಲಿ ನಿಂತುಬಿಟ್ಟಿತು. ಬ್ರಷ್‌ನಿಂದ ಒರೆಸಿದೆ, ಸರಿಹೋಯಿತು. ಚಂದ್ರನ ಮೇಲೆ ಬ್ರಷ್ ಹಿಡಿಯುವ ಕೈ ಇರುವುದಿಲ್ಲ.

ಹಾಗೆಂದು ಕೂಡಿ ಬೇರೆಯಾಗುವ ರೋಬೋಟ್ ಬೇಡವೆನ್ನುತ್ತಿಲ್ಲ, ನನ್ನ ದುಡಿಮೆಯೇ ಅದು. ಅಮೆರಿಕದ ಮೊಹಾವಿ ಮರುಭೂಮಿಯಲ್ಲಿ ನಾಸಾದ ಪ್ರಯೋಗಾಲಯ ಜೆಪಿಎಲ್ ಪರೀಕ್ಷಿಸಿದ ಡುವಾಕ್ಸೆಲ್ ರೋವರ್ ನೋಡಿ. ಸಮತಟ್ಟಿನಲ್ಲಿ ನಾಲ್ಕು ಚಕ್ರದ ಗಾಡಿ. ಇಳಿಜಾರಿನ ಅಂಚಿಗೆ ಬಂದಾಗ ಎರಡಾಗುತ್ತದೆ: ಒಂದು ಭಾಗ ಮೇಲೆ ಲಂಗರು ಹಾಕಿ ಕೂರುತ್ತದೆ, ಎರಡು ಚಕ್ರದ ಇನ್ನೊಂದು ಭಾಗ ಬಾವಿಗೆ ಕೊಡ ಬಿಟ್ಟ ಹಾಗೆ ಹಗ್ಗ ಹಿಡಿದು ಇಳಿಯುತ್ತದೆ. ವಿದ್ಯುತ್ತು, ಸಂದೇಶ ಆ ಹಗ್ಗದಲ್ಲೇ ಹರಿಯುತ್ತವೆ. ಬಿಡಿಸಿಕೊಂಡರೂ ನಂಟು ಕಡಿಯುವುದಿಲ್ಲ. ಕಡಿದಾದ ಇಳಿಜಾರಿಗೆ ಬೇರೆ ದಾರಿಯಿಲ್ಲ ಎಂದೇ ಅದು ಎರಡಾಗುವುದು. ನಿಮ್ಮ 20ಕ್ಕೆ ಅಂಥ ಕಾರಣವೇನಿದೆ? ಅದನ್ನು ಬರೆದು ಕಳಿಸಿ, ಖಂಡಿತ ಓದುತ್ತೇನೆ.

ಪ್ರಶ್ನೆ: ಕೂಡಿಕೊಳ್ಳದೆ ತಂಡವಾಗಿ ಕೆಲಸ ಮಾಡಲಾಗದೇ?

ಉತ್ತರ: ಆಗುತ್ತದೆ. ನಾಸಾದ ಕ್ಯಾಡ್ರೆ ಯೋಜನೆಯ 3 ಪುಟ್ಟ ರೋವರ್‌ಗಳನ್ನು ರೂಪಿಸಿರುವುದೇ ಹಾಗೆ.

ಪ್ರಶ್ನೆ: ಸಿನಿಮಾದಲ್ಲಿರುವಂತೆ ಕರಗಿ ರೂಪ ಬದಲಿಸುವ ರೋಬೋಟ್ ಯಾವಾಗ ಹೋಗುತ್ತದೆ?

ಉತ್ತರ: ಹೋಗುವುದಿಲ್ಲ.

ಪ್ರಶ್ನೆ: ಅಯಸ್ಕಾಂತದ ಘನಗಳ ಕಿಟ್ ಕೊಟ್ಟು "ಬಾಹ್ಯಾಕಾಶ ರೋಬೋಟಿಕ್ಸ್" ಸರ್ಟಿಫಿಕೇಟ್ ಕೊಡುವ ಕೋರ್ಸಿಗೆ ಮಗಳನ್ನು ಸೇರಿಸಲೇ?

ಉತ್ತರ: ದುಡ್ಡು ಕಳೆಯಬೇಡಿ. ಆಟಿಕೆಯಾಗಿ ಕೊಂಡರೆ ನನ್ನ ತಕರಾರಿಲ್ಲ. ಅದಕ್ಕೆ ಬಾಹ್ಯಾಕಾಶದ ಹೆಸರಿಟ್ಟು ಪೋಷಕರನ್ನು ಸುಲಿಯುವವರ ಮೇಲೆ ನನಗೆ ಸಿಟ್ಟಿದೆ. ಚಂದ್ರನ ಧೂಳಿನಲ್ಲಿ ಕಬ್ಬಿಣದ ಅತಿ ಸೂಕ್ಷ್ಮ ಕಣಗಳಿವೆ. ಬರಿಯ ಅಯಸ್ಕಾಂತ ಅಲ್ಲಿ ಮೊದಲು ಎಳೆದುಕೊಳ್ಳುವುದು ಪಕ್ಕದ ಘನವನ್ನಲ್ಲ, ಧೂಳನ್ನು.