ಚಿಲಕ ಯಾವ ಕಡೆಗಿದೆ, ಮೇಷ್ಟ್ರೇ?

ಓದುಗರ ಪತ್ರ: "ಹಿಂದಿನ ಸಂಚಿಕೆಯಲ್ಲಿ ಹಿರಿಯರ ವಸತಿ, ಪಿಂಚಣಿ, ಗೌರವಕ್ಕಾಗಿ ಹೋರಾಡುವ ಸಂಘಟನೆಗಳ ಬಗ್ಗೆ ಬಂದ ಲೇಖನ ಓದಿ ಬೇಸರವಾಯಿತು. ಮಕ್ಕಳಿಗೆ ಒಳ್ಳೆಯ ಸಂಸ್ಕಾರ ಕೊಟ್ಟವರಿಗೆ ಇದ್ಯಾವುದೂ ಬೇಕಾಗುವುದಿಲ್ಲ. ಪ್ರೀತಿಯನ್ನು ಕಾನೂನಿನಿಂದ ತರಲು ಆಗುತ್ತದೆಯೇ? ಎಪ್ಪತ್ತು ದಾಟಿದವರು ಫಲಕ ಹಿಡಿದು ಬೀದಿಯಲ್ಲಿ ನಿಲ್ಲುವುದು ಯಾವ ಘನತೆ? ವಯಸ್ಸಾದ ಮೇಲೆ ಕೊಟ್ಟಿದ್ದನ್ನು ತೆಗೆದುಕೊಂಡು ತೆಪ್ಪಗಿರುವುದೇ ಲಕ್ಷಣ." (ನಿವೃತ್ತ ಶಿಕ್ಷಕ, 74 ವರ್ಷ. ಹೆಸರು ಬೇಡ ಎಂದಿದ್ದಾರೆ.)

ಸಂಪಾದಕರ ಉತ್ತರ: ಮೇಷ್ಟ್ರೇ, ನಿಮ್ಮ ಪತ್ರ ನನ್ನ ಮೇಜಿನ ಮೇಲೆ ಬಂದು ಕೂತು ಹತ್ತು ದಿನವಾಯಿತು. ನಾಲ್ಕು ಪುಟ, ಅಂಚು ಬಿಟ್ಟು, ಒಂದು ಸಾಲೂ ಓರೆಯಾಗದಂತೆ ಬರೆದಿದ್ದೀರಿ. ಜೊತೆಗೆ ನಮ್ಮ ಲೇಖನದ ಪುಟವನ್ನೇ ಕತ್ತರಿಸಿ, ಅದರಲ್ಲಿದ್ದ ಎರಡು ಕಾಗುಣಿತದ ತಪ್ಪಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಕಳಿಸಿದ್ದೀರಿ. ತಪ್ಪು ನಮ್ಮದೇ, ಕಿವಿ ಹಿಂಡಿಸಿಕೊಂಡಿದ್ದೇವೆ. ಪತ್ರದ ಕೊನೆಗೆ 'ವಿ.ಸೂ.' ಎಂದು ಬರೆದು ಇನ್ನೊಂದು ವಿಷಯ ಸೇರಿಸಿದ್ದೀರಲ್ಲ, ಅದನ್ನು ಮೇಲೆ ಅಚ್ಚು ಹಾಕಿಲ್ಲ. ಅದರ ಮಾತು ಆಮೇಲೆ.

ಪ್ರೀತಿಯನ್ನು ಕಾನೂನಿನಿಂದ ತರಲಾಗದು ಅಂದಿರಿ. ಒಪ್ಪಿದೆ. ಮಗಳು ಪಕ್ಕದಲ್ಲಿ ಬಂದು ಕೂತು ಕಾಲು ನೀವಿದರೆ ಆಗುವ ಹಿತ ಯಾವ ಇಲಾಖೆಯ ಆದೇಶದಿಂದಲೂ ಆಗದು. ನಿದ್ದೆಗೆಟ್ಟು, ನೌಕರಿ ಬಿಟ್ಟು ಅಪ್ಪ ಅಮ್ಮನನ್ನು ನೋಡಿಕೊಳ್ಳುವ ಮಕ್ಕಳಿದ್ದಾರೆ, ಅವರಿಗೆ ನಮಸ್ಕಾರ. ನನ್ನ ತಕರಾರೇನಿದ್ದರೂ ನೀವು ಬಳಸಿದ 'ತೆಪ್ಪಗೆ' ಎಂಬ ಒಂದು ಮಾತಿನ ಮೇಲೆ.

ಕೆಲವು ವರ್ಷಗಳ ಹಿಂದೆ ಲೇಖನಕ್ಕೆಂದು ಒಂದು ವೃದ್ಧಾಶ್ರಮಕ್ಕೆ ಹೋಗಿದ್ದೆ. ಕೆಟ್ಟ ಜಾಗವೇನಲ್ಲ. ನೆಲ ಹೊಳೆಯುತ್ತಿತ್ತು, ಔಷಧಿ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಅಲ್ಲಿದ್ದ ಒಬ್ಬ ತಾಯಿಯನ್ನು ಮಾತಾಡಿಸಬೇಕಿತ್ತು. ಬಾಗಿಲು ತೆರೆದೇ ಇತ್ತು, ಆದರೂ ರೂಢಿಯಂತೆ ಎರಡು ಸಲ ತಟ್ಟಿದೆ. ಹಾಸಿಗೆಯ ಮೇಲಿಂದ ನನ್ನನ್ನು ದಿಟ್ಟಿಸಿ ನೋಡಿ, "ಇನ್ನೊಂದ್ಸಲ ತಟ್ಟಿ" ಅಂದರು. ಕಿವಿ ಮಂದವೇನೋ ಅಂದುಕೊಂಡು ಜೋರಾಗಿ ತಟ್ಟಿದೆ. "ಕೇಳಿಸ್ತಪ್ಪ. ಇಲ್ಲಿಗೆ ಬಂದು ಹದಿನಾಲ್ಕು ತಿಂಗಳಾಯ್ತು, ಈ ಬಾಗಿಲು ತಟ್ಟಿ ಒಳಗೆ ಬಂದೋರು ನೀವೇ ಮೊದಲು. ಬನ್ನಿ, ಕೂತ್ಕೊಳ್ಳಿ" ಅಂದರು.

ಹೊರಡುವಾಗ ಆ ಬಾಗಿಲ ಒಳಮೈ ನೋಡಿದೆ. ಚಿಲಕ ಇದ್ದ ಕಡೆ ನಾಲ್ಕು ಸ್ಕ್ರೂ ತೂತು, ಅವುಗಳ ನಡುವೆ ಹಳೇ ಬಣ್ಣ ಮಾಸದೆ ಉಳಿದ ಒಂದು ಉದ್ದನೆಯ ಗುರುತು. ಒಳಗಿದ್ದ ಚಿಲಕವನ್ನು ಬಿಚ್ಚಿ ಹೊರಗೆ ಹಾಕಿದ್ದರು. ವ್ಯವಸ್ಥಾಪಕರನ್ನು ಕೇಳಿದರೆ, "ಸೇಫ್ಟಿಗೆ ಸಾರ್. ಒಳಗೆ ಬಿದ್ದುಗಿದ್ದು ಬಿಟ್ಟರೆ?" ಅಂದರು. ಭಯ ಸುಳ್ಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6,84,000 ಜನ ಬಿದ್ದು ಸಾಯುತ್ತಾರೆ, ವಯಸ್ಸಾದವರೇ ಹೆಚ್ಚು. ಆದರೆ ಬೀಳದಂತೆ ನೋಡಿಕೊಳ್ಳಬೇಕಾದರೆ ಬಚ್ಚಲ ಗೋಡೆಗೆ ಹಿಡಿಕಂಬಿ ಹಾಕಬೇಕು, ಹೊಸ್ತಿಲು ತಗ್ಗಿಸಬೇಕು, ಹಾಸಿಗೆಯಿಂದ ಬಚ್ಚಲಿನವರೆಗೆ ರಾತ್ರಿಯೆಲ್ಲ ಸಣ್ಣ ದೀಪ ಉರಿಯಬೇಕು. ಒಳಗಿಂದ ಹಾಕಿಕೊಂಡರೂ ಅವಸರಕ್ಕೆ ಹೊರಗಿಂದ ತೆಗೆಯಲು ಬರುವ ಚಿಲಕಗಳೂ ಇವೆ. ಇದಕ್ಕೆಲ್ಲ ದುಡ್ಡು ಬೇಕು. ಇದ್ದ ಚಿಲಕ ಬಿಚ್ಚುವುದಕ್ಕೆ ಒಂದು ಸ್ಕ್ರೂಡ್ರೈವರ್ ಸಾಕು.

ಆ ತಾಯಿ ತೆಪ್ಪಗೇ ಇದ್ದರು ಮೇಷ್ಟ್ರೇ, ನೀವು ಹೇಳಿದ ಹಾಗೆಯೇ.

ಕನ್ನಡದಲ್ಲಿ 'ಹಂಗು' ಅಂತ ಒಂದು ಮಾತಿದೆ. ನೀವು ಪಾಠ ಹೇಳಿದವರು, ನಿಮಗೆ ನಾನು ಹೇಳಬೇಕೆ? ಸಾಲವನ್ನಾದರೆ ಲೆಕ್ಕ ಹಾಕಿ ತೀರಿಸಬಹುದು. ಹಂಗಿಗೆ ಲೆಕ್ಕವೇ ಇಲ್ಲ, ಅದರಲ್ಲಿ ಬಿದ್ದಿರುವುದಷ್ಟೇ. ಹಂಗಿನ ಅರಮನೆಗಿಂತ ಗುಡಿಸಲೇ ಲೇಸು ಎನ್ನುವ ಮಾತನ್ನು ಬಾಯಿಪಾಠ ಮಾಡಿಸಿದವರೇ ಈಗ ಕೊಟ್ಟಿದ್ದನ್ನು ತೆಗೆದುಕೊಂಡು ಸುಮ್ಮನಿರಿ ಅಂದರೆ ಹೇಗೆ? ಹಿರಿಯರ ಹಕ್ಕಿಗಾಗಿ ನಡೆದ ಹೋರಾಟಗಳ ಚರಿತ್ರೆ ಓದುತ್ತ ಹೋದಂತೆ ನನಗೆ ಉದ್ದಕ್ಕೂ ಕಂಡದ್ದು ಈ ಹಂಗು ಹರಿದುಕೊಳ್ಳುವ ಹಟ. ಹೊಟ್ಟೆಪಾಡು ಅದರ ಹಿಂದೆ ಬರುತ್ತದೆ.

ಬ್ರಿಟನ್ನಿನ ಕಥೆ ನೋಡಿ. ಗತಿಯಿಲ್ಲದ ಮುದುಕರಿಗೆ ಅಲ್ಲಿ ಬಹುಕಾಲ ಇದ್ದ ಕೊನೆಯ ಆಸರೆಯೆಂದರೆ ವರ್ಕ್‌ಹೌಸ್, ಅಂದರೆ ಬಡವರನ್ನು ಇಟ್ಟುಕೊಂಡು ದುಡಿಸುವ ಸಾರ್ವಜನಿಕ ಆಶ್ರಯಮನೆ. ಒಳಗೆ ಕಾಲಿಟ್ಟರೆ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ. ಅರವತ್ತು ದಾಟಿದ ದಂಪತಿ ಕೇಳಿಕೊಂಡರೆ ಇಬ್ಬರಿಗೂ ಸೇರಿ ಒಂದು ಕೋಣೆ ಕೊಡಬೇಕೆಂದು 1847ರಲ್ಲೇ ಕಾನೂನಾಯಿತು, ಆದರೆ ಎಷ್ಟೋ ಕಡೆ ಆ ಕೋಣೆಯನ್ನು ಕಟ್ಟಲೇ ಇಲ್ಲ. ಚಾರ್ಲ್ಸ್ ಬೂತ್ ಎಂಬ ಹಡಗು ಕಂಪನಿಯ ಯಜಮಾನ ಲಂಡನ್ನಿನ ಬಡತನವನ್ನು ಮನೆ ಮನೆ ಲೆಕ್ಕದಲ್ಲಿ ಅಳೆಯಲು ಹೊರಟು, ಬಡತನದ ದೊಡ್ಡ ಕಾರಣಗಳಲ್ಲಿ ಮುಪ್ಪೂ ಒಂದು ಎಂದು ಕಂಡುಕೊಂಡ. 1890ರ ದಶಕದಿಂದ ಪಿಂಚಣಿಗಾಗಿ ವಾದಿಸುತ್ತ ಬಂದ. ಕಾರ್ಮಿಕ ಸಂಘಗಳು ದನಿಗೂಡಿಸಿದವು. 1908ರಲ್ಲಿ ಕಾಯ್ದೆಯಾಯಿತು, 1909ರ ಜನವರಿ 1ರಿಂದ ಎಪ್ಪತ್ತು ದಾಟಿದ ಬಡವರಿಗೆ ವಾರಕ್ಕೆ 5 ಶಿಲಿಂಗ್. ಹಣ ಸಣ್ಣದು, ಷರತ್ತು ಜಾಸ್ತಿ. ಜೈಲು ಕಂಡು ಹತ್ತು ವರ್ಷ ಆಗಿರದಿದ್ದರೆ ಇಲ್ಲ. ಕೈಲಾಗುತ್ತಿದ್ದರೂ ದುಡಿಯದ ಸೋಮಾರಿ ಎನಿಸಿಕೊಂಡಿದ್ದರೆ ಇಲ್ಲ. ಮುದುಕರಿಗೂ ನಡತೆ ಪ್ರಮಾಣಪತ್ರ! ಆದರೆ ಒಂದು ಜಾಣತನ ಮಾಡಿದರು: ಹಣ ಕೊಡುವ ಕೆಲಸವನ್ನು ವರ್ಕ್‌ಹೌಸ್ ನಡೆಸುತ್ತಿದ್ದ ಬಡವರ ಕಾಯ್ದೆಯ ಅಧಿಕಾರಿಗಳ ಕೈಗೆ ಬಿಡದೆ ಅಂಚೆ ಕಚೇರಿಗೆ ವಹಿಸಿದರು. ಸ್ಟ್ಯಾಂಪು ಕೊಳ್ಳುವವರ ಸಾಲಿನಲ್ಲೇ ನಿಂತು, ಕಿಟಕಿಯಲ್ಲಿ ಕೈ ಹಾಕಿ, ನಾಣ್ಯ ಎಣಿಸಿಕೊಂಡು ಬಂದರೆ ಆಯಿತು. ಯಾರಿಗೂ ತಲೆ ಬಗ್ಗಿಸಬೇಕಿಲ್ಲ, ಯಾರ ಬಾಯಲ್ಲೂ 'ಪಾಪ' ಅನ್ನಿಸಿಕೊಳ್ಳಬೇಕಿಲ್ಲ.

ಇನ್ನು ಸಂಸ್ಕಾರದ ಮಾತು. ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನ ಬಗ್ಗೆ ಒಂದು ಹಳೆಯ ಕಥೆಯಿದೆ. ಮುಪ್ಪಿನಲ್ಲಿ ಅವನ ಮಕ್ಕಳೇ 'ಅಪ್ಪನಿಗೆ ಬುದ್ಧಿ ಸ್ಥಿಮಿತವಿಲ್ಲ, ಆಸ್ತಿ ನಮ್ಮ ಕೈಗೆ ಕೊಡಿಸಿ' ಎಂದು ನ್ಯಾಯಾಲಯಕ್ಕೆ ಹೋದರಂತೆ. ಆತ ವಾದ ಮಾಡುವ ಬದಲು ತಾನು ಆಗಷ್ಟೇ ಬರೆದಿದ್ದ ನಾಟಕದ ಸಾಲುಗಳನ್ನು ಓದಿ, 'ಇದು ಅರಳುಮರುಳಾದವನು ಬರೆಯುವಂಥದ್ದೇ?' ಎಂದು ಕೇಳಿದನಂತೆ. ಗೆದ್ದ. ಹಾಗೆ ಬರೆಯಲು ಬಾರದ ಮುದುಕನ ಗತಿಯೇನು ಎಂಬುದನ್ನು ಮಾತ್ರ ಕಥೆ ಹೇಳುವುದಿಲ್ಲ. ಎರಡು ಸಾವಿರ ವರ್ಷ ದಾಟಿ ಈಚೆಗೆ ಬಂದರೆ, ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುವಂತೆ ಅರವತ್ತು ದಾಟಿದ ಆರು ಜನರಲ್ಲಿ ಒಬ್ಬರು ವರ್ಷದೊಳಗೆ ಒಂದಲ್ಲ ಒಂದು ಬಗೆಯ ದೌರ್ಜನ್ಯ ಕಂಡಿರುತ್ತಾರೆ. ಇವರೆಲ್ಲರೂ ಮಕ್ಕಳನ್ನು ಕೆಟ್ಟದಾಗಿ ಬೆಳೆಸಿದವರು ಅನ್ನುತ್ತೀರಾ? ಮಕ್ಕಳೇ ಇಲ್ಲದವರು, ಮಕ್ಕಳನ್ನು ಕಳೆದುಕೊಂಡವರು, ಮದುವೆಯೇ ಆಗದವರು ಯಾರಿಗೆ ಸಂಸ್ಕಾರ ಕೊಡಬೇಕಿತ್ತು? ಮೇಷ್ಟ್ರೇ, ಇದೊಂದು ಕಡೆ ನೀವು ತರಗತಿಯ ಮುಂದಿನ ಬೆಂಚನ್ನಷ್ಟೇ ನೋಡಿ ಪಾಠ ಮುಗಿಸಿಬಿಟ್ಟಿರಿ.

ಬೀದಿಗಿಳಿಯುವುದು ಘನತೆಯೇ ಅಂದಿರಿ. ಮ್ಯಾಗಿ ಕೂನ್ ಎಂಬಾಕೆಯ ಹೆಸರು ಕೇಳಿದ್ದೀರಾ? ಅಮೆರಿಕದಲ್ಲಿ ಒಂದು ಚರ್ಚ್ ಸಂಸ್ಥೆಯ ನೌಕರಿಯಲ್ಲಿದ್ದವರು. 1970ರಲ್ಲಿ ಅರವತ್ತೈದು ತುಂಬಿತೆಂದು ಕಡ್ಡಾಯವಾಗಿ ಮನೆಗೆ ಕಳಿಸಿದರು. ಬೀಳ್ಕೊಡುಗೆಗೆ ಕೊಟ್ಟದ್ದು ಹೊಲಿಗೆ ಯಂತ್ರ. ಆಕೆ ಅದನ್ನು ಬಿಚ್ಚಿಯೂ ನೋಡಲಿಲ್ಲವಂತೆ. ತನ್ನಂಥ ಗೆಳತಿಯರನ್ನು ಕೂಡಿಸಿಕೊಂಡು ಒಂದು ಸಂಘ ಕಟ್ಟಿದರು; ಮುಂದೆ ಅದಕ್ಕೆ 'ಗ್ರೇ ಪ್ಯಾಂಥರ್ಸ್', ಅಂದರೆ ನರೆತ ಚಿರತೆಗಳು ಎಂಬ ಹೆಸರು ನಿಂತಿತು. ಮುದುಕರನ್ನೇ ಒಂದು ಕಡೆ ಗುಂಪು ಹಾಕುವುದು ಆಕೆಗೆ ಇಷ್ಟವಿರಲಿಲ್ಲ. ಕಾಲೇಜು ಹುಡುಗರನ್ನು ಜೊತೆಗೆ ಸೇರಿಸಿಕೊಂಡರು, ಫಿಲಡೆಲ್ಫಿಯಾದ ತನ್ನ ಮನೆಯಲ್ಲೇ ಕಿರಿಯರಿಗೆ ಕೋಣೆ ಕೊಟ್ಟು ಒಟ್ಟಿಗೆ ಬಾಳಿದರು. 1986ರಲ್ಲಿ ಆ ದೇಶ ಬಹುಪಾಲು ನೌಕರಿಗಳಲ್ಲಿ ವಯಸ್ಸಿನ ಮೇಲೆ ಕಡ್ಡಾಯ ನಿವೃತ್ತಿಯನ್ನೇ ತೆಗೆದುಹಾಕಿತು. ಹೊಲಿಗೆ ಯಂತ್ರ ತೆಗೆದುಕೊಂಡು ತೆಪ್ಪಗಿದ್ದಿದ್ದರೆ?

ವಯೋಭೇದಕ್ಕೆ ಇಂಗ್ಲಿಷಿನಲ್ಲಿ 'ಏಜಿಸಂ' ಎಂಬ ಪದ ಹುಟ್ಟಿದ ಸಂದರ್ಭವೂ ವಸತಿಯ ಜಗಳವೇ. 1969ರಲ್ಲಿ ವಾಷಿಂಗ್ಟನ್ ಪಕ್ಕದ ಚೆವಿ ಚೇಸ್ ಎಂಬ ಅನುಕೂಲಸ್ಥರ ಬಡಾವಣೆಯಲ್ಲಿ ಒಂದು ಕಟ್ಟಡವನ್ನು ಬಡ ಹಿರಿಯರ ವಸತಿಗೆ ಕೊಡುವ ಪ್ರಸ್ತಾಪ ಬಂತು. ಅಕ್ಕಪಕ್ಕದವರು ರೇಗಿದರು. ಇದನ್ನು ಏನೆಂದು ಕರೆಯಬೇಕು ಎಂಬ ಮಾತು ಬಂದಾಗ ರಾಬರ್ಟ್ ಬಟ್ಲರ್ ಎಂಬ ಮನೋವೈದ್ಯರು ಆ ಪದ ಟಂಕಿಸಿದರು. ಅದನ್ನು ಬರೆದುಕೊಂಡ ಯುವ ವರದಿಗಾರ ಕಾರ್ಲ್ ಬರ್ನ್‌ಸ್ಟೀನ್, ಮುಂದೆ ವಾಟರ್‌ಗೇಟ್ ಹಗರಣವನ್ನು ಬಯಲಿಗೆಳೆದ ಇಬ್ಬರಲ್ಲಿ ಒಬ್ಬ. (ವರದಿಗಾರಿಕೆಯ ಬಗ್ಗೆ ನನಗೆ ಸ್ವಲ್ಪ ಹೆಮ್ಮೆ ಜಾಸ್ತಿ, ಕ್ಷಮಿಸಿ.) ಹಿರಿಯರಿಗೆ ನಮಸ್ಕಾರ ಮಾಡುವವರೇ 'ನಮ್ಮ ಪಕ್ಕದ ಕಟ್ಟಡ ಬೇಡ' ಎನ್ನುವುದು ಅಲ್ಲಿಯೂ ಹಾಗೇ, ಎಲ್ಲೆಲ್ಲಿಯೂ ಹಾಗೇ.

ಮತ್ತೆ ಚಿಲಕಕ್ಕೆ ಬರುತ್ತೇನೆ, ನನಗದು ಬಿಡದು. 1976ರಲ್ಲಿ ಎಲೆನ್ ಲ್ಯಾಂಗರ್, ಜೂಡಿತ್ ರೋಡಿನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು ಒಂದು ಅಧ್ಯಯನ ಪ್ರಕಟಿಸಿದರು. ಒಂದು ಆರೈಕೆ ಮನೆಯ ಒಂದು ಮಹಡಿಯವರಿಗೆ 'ನಿಮ್ಮ ಕೋಣೆ ಹೇಗಿರಬೇಕು ಅಂತ ನೀವೇ ತೀರ್ಮಾನಿಸಿ, ಈ ಗಿಡಗಳಲ್ಲಿ ಬೇಕಾದ್ದನ್ನು ಆರಿಸಿಕೊಂಡು ನೀವೇ ನೀರು ಹಾಕಿ, ಸಿನಿಮಾ ಯಾವ ರಾತ್ರಿ ನೋಡುತ್ತೀರೋ ನೀವೇ ಹೇಳಿ' ಅಂದರು. ಇನ್ನೊಂದು ಮಹಡಿಯವರಿಗೂ ಗಿಡ ಕೊಟ್ಟರು, ಆದರೆ 'ನೀರು ನಾವು ಹಾಕುತ್ತೇವೆ, ನೀವು ಚಿಂತೆ ಮಾಡಬೇಡಿ' ಅಂದರು. ಮೂರು ವಾರದ ಹೊತ್ತಿಗೆ ಮೊದಲ ಮಹಡಿಯವರು ಹೆಚ್ಚು ಚುರುಕಾಗಿದ್ದರು, ಹೆಚ್ಚು ಗೆಲುವಾಗಿದ್ದರು. 'ನೀವು ಚಿಂತೆ ಮಾಡಬೇಡಿ' ಎನ್ನುವುದು ಎಷ್ಟು ಮುದ್ದಾದ ಮಾತು ನೋಡಿ! ಡೆನ್ಮಾರ್ಕ್ 1987ರಲ್ಲಿ ಕಾನೂನು ಮಾಡಿ, ಆಸ್ಪತ್ರೆಯಂಥ ಹಳೇ ಮಾದರಿಯ ವೃದ್ಧಾಶ್ರಮ ಹೊಸದಾಗಿ ಕಟ್ಟುವುದನ್ನು ನಿಲ್ಲಿಸಿ, ಹಿರಿಯರಿಗೆ ಅವರದೇ ಮನೆ, ಆ ಮನೆಗೇ ಬರುವ ಆರೈಕೆ ಎಂಬ ದಾರಿ ಹಿಡಿಯಿತು.

ನಿಮ್ಮನ್ನು ಮಾತ್ರ ಬೈದರೆ ಅನ್ಯಾಯವಾಗುತ್ತದೆ, ನಮ್ಮ ಮನೆಯ ದೋಸೆಯೂ ತೂತೇ. ನಮ್ಮ ಪುಟ ವಿನ್ಯಾಸಕನ ಕಂಪ್ಯೂಟರಿನಲ್ಲಿ 'ಹಿರಿಯರು' ಎಂಬ ಫೋಲ್ಡರ್ ಇದೆ. ಮೊನ್ನೆ ತೆಗೆದು ನೋಡಿದೆ. ಹತ್ತೊಂಬತ್ತು ಚಿತ್ರ. ಹದಿನೇಳರಲ್ಲಿ ಮುಖವೇ ಇಲ್ಲ: ಸುಕ್ಕುಗಟ್ಟಿದ ಕೈ, ಕೋಲು, ಕಿಟಕಿ. ಅದರಲ್ಲೊಂದು ಕೈಯನ್ನು ನಾವು ನಾಲ್ಕು ಲೇಖನಕ್ಕೆ ಬಳಸಿದ್ದೇವೆ. ಶೀರ್ಷಿಕೆಗಳದ್ದು ಇನ್ನೊಂದು ಕಥೆ. ಅರವತ್ತೆರಡರ ರಾಜಕಾರಣಿ ನಮ್ಮ ಪತ್ರಿಕೆಗಳಲ್ಲಿ 'ಯುವ ನಾಯಕ', ಅದೇ ವಯಸ್ಸಿನ ಹೆಂಗಸು ರಸ್ತೆ ದಾಟುವಾಗ ಎಡವಿದರೆ 'ವೃದ್ಧೆಗೆ ಗಾಯ'. ನನಗೂ ಅರವತ್ತೊಂದು, ಈ ವಿಷಯದಲ್ಲಿ ಸ್ವಾರ್ಥವಿದೆ. ಹಾಗೆಯೇ ಆ 'ಎರಡನೇ ಬಾಲ್ಯ' ಎಂಬ ಮಾತನ್ನು ಯಾರಾದರೂ ಬರೆದು ಕಳಿಸಿದರೆ ನಾನು ಹೊಡೆದುಹಾಕುತ್ತೇನೆ. ಮಗುವಿಗೆ ಎಪ್ಪತ್ತು ವರ್ಷದ ನೆನಪಿರುವುದಿಲ್ಲ, ಮಾರಿದ ಮನೆ ಇರುವುದಿಲ್ಲ, ಇಷ್ಟು ದಿನ ತಾನೇ ಸಹಿ ಹಾಕಿಕೊಂಡು ಬಂದ ಚೆಕ್ ಪುಸ್ತಕ ಇರುವುದಿಲ್ಲ.

ಮಕ್ಕಳ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ವಿಶ್ವಸಂಸ್ಥೆ ಮಹಿಳೆಯರ ಹಕ್ಕಿಗೆ 1979ರಲ್ಲಿ, ಮಕ್ಕಳ ಹಕ್ಕಿಗೆ 1989ರಲ್ಲಿ, ಅಂಗವಿಕಲರ ಹಕ್ಕಿಗೆ 2006ರಲ್ಲಿ ಒಪ್ಪಂದ ಮಾಡಿತು. ಹಿರಿಯರಿಗೆ ಕೊಟ್ಟದ್ದು ಅಕ್ಟೋಬರ್ 1 ಎಂಬ ಒಂದು ದಿನ, ಮತ್ತು 1991ರಲ್ಲಿ ಹದಿನೆಂಟು ತತ್ವಗಳ ಒಂದು ಪಟ್ಟಿ. ಸ್ವಾತಂತ್ರ್ಯ, ಭಾಗವಹಿಸುವಿಕೆ, ಆರೈಕೆ, ಘನತೆ ಎಲ್ಲ ಆ ಪಟ್ಟಿಯಲ್ಲಿದೆ, ಪಾಲಿಸದಿದ್ದರೆ ಕೇಳುವವರಿಲ್ಲ. ಒಪ್ಪಂದದ ಕರಡು ಬರೆಯಲು ಒಂದು ಕಾರ್ಯತಂಡ ಮಾಡಬೇಕೆಂದು ಮಾನವ ಹಕ್ಕುಗಳ ಮಂಡಳಿ ನಿರ್ಣಯ ಮಾಡಿದ್ದು 2025ರ ಏಪ್ರಿಲ್‌ನಲ್ಲಿ. ಅದೂ ಹಿರಿಯರ ಸಂಘಟನೆಗಳು ವರ್ಷಗಟ್ಟಲೆ ಬಾಗಿಲು ತಟ್ಟಿದ ಮೇಲೆ.

ನೀವು ಕೇಳಬಹುದು, ಬೀದಿಗಿಳಿಯದೆ ಮನೆಯಲ್ಲೇ ಕೂತು ಏನೂ ಮಾಡಲಾಗದೇ ಎಂದು. ಆಗುತ್ತದೆ. ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ಫ್ರಾನ್ಸಿಸ್ ಟೌನ್‌ಸೆಂಡ್ ಎಂಬ ಅರವತ್ತಾರರ ಡಾಕ್ಟರು 1933ರಲ್ಲಿ, ಮಹಾ ಆರ್ಥಿಕ ಮುಗ್ಗಟ್ಟಿನ ನಡುವೆ, ಊರಿನ ಪತ್ರಿಕೆಗೆ ಒಂದು ಪತ್ರ ಬರೆದರು. ಅರವತ್ತು ದಾಟಿದ ಎಲ್ಲರಿಗೂ ತಿಂಗಳಿಗೆ 200 ಡಾಲರ್ ಕೊಡಿ, ಅವರು ದುಡಿಮೆ ಬಿಟ್ಟು ಆ ಹಣವನ್ನು ತಿಂಗಳೊಳಗೆ ಖರ್ಚು ಮಾಡಲಿ, ಕೆಲಸ ಹುಡುಗರಿಗೆ ಸಿಗಲಿ ಎಂದು. ಲೆಕ್ಕ ತಪ್ಪು ಅಂದರು ಅರ್ಥಶಾಸ್ತ್ರಜ್ಞರು, ತಪ್ಪೇ ಇತ್ತು. ಆದರೆ ದೇಶದ ತುಂಬ ಅವರ ಹೆಸರಿನಲ್ಲಿ ಸಾವಿರಾರು ಕ್ಲಬ್ಬುಗಳು ಹುಟ್ಟಿದವು, ಮನವಿಗಳು ರಾಶಿ ಬಿದ್ದವು. ಎರಡು ವರ್ಷದೊಳಗೆ, 1935ರ ಆಗಸ್ಟ್ 14ರಂದು, ಅಧ್ಯಕ್ಷ ರೂಸ್ವೆಲ್ಟ್ ಹಿರಿಯರಿಗೆ ಪಿಂಚಣಿ ಕೊಡುವ ಸಾಮಾಜಿಕ ಭದ್ರತಾ ಕಾಯ್ದೆಗೆ ಸಹಿ ಹಾಕಿದರು. ಅದಕ್ಕೆ ಈ ಒತ್ತಡವೊಂದೇ ಕಾರಣವಲ್ಲ, ಅದಿಲ್ಲದೆಯೂ ಆಗುತ್ತಿತ್ತು ಎಂದರೆ ನಾನು ನಂಬುವುದಿಲ್ಲ. ಸಂಪಾದಕನಾಗಿ ನನಗೆ ಇದಕ್ಕಿಂತ ಇಷ್ಟವಾದ ಕಥೆಯಿಲ್ಲ. ವಾಚಕರವಾಣಿಗೆ ಬಂದ ಒಂದು ಪತ್ರ!

ಈಗ ನಿಮ್ಮ 'ವಿ.ಸೂ.' ಓದುಗರೂ ಕೇಳಲಿ ಎಂದು ಪೂರ್ತಿ ಕೊಡುತ್ತೇನೆ: "ಕಳೆದ ವರ್ಷದಿಂದ ಪತ್ರಿಕೆಯ ಅಕ್ಷರ ಸಣ್ಣದಾಗಿದೆ. ದಯವಿಟ್ಟು ದೊಡ್ಡದು ಮಾಡಿ. ಇದು ನನ್ನೊಬ್ಬನ ಕೋರಿಕೆಯಲ್ಲ, ಬೆಳಗಿನ ವಾಕಿಂಗ್ ಗೆಳೆಯರೆಲ್ಲ ಸಹಿ ಹಾಕಿದ್ದೇವೆ. ಕ್ರಮ ಕೈಗೊಳ್ಳದಿದ್ದರೆ ಎಲ್ಲರೂ ಒಟ್ಟಿಗೆ ಚಂದಾ ನಿಲ್ಲಿಸುತ್ತೇವೆ." ಕೆಳಗೆ ಹನ್ನೊಂದು ಸಹಿ.

ಕಾಗದದ ಬೆಲೆ ಏರಿತೆಂದು ಅಕ್ಷರವನ್ನು ಒಂದೂವರೆ ಪಾಯಿಂಟ್ ಇಳಿಸಿದವನು ನಾನೇ. ಯಾರ ಕಣ್ಣಿಗೂ ಬೀಳದು ಅಂದುಕೊಂಡಿದ್ದೆ. ಮುಂದಿನ ಸಂಚಿಕೆಯಿಂದ ಮೊದಲಿನ ಅಳತೆಯೇ ಇರುತ್ತದೆ, ಈ ಪುಟಕ್ಕೆ ಅದಕ್ಕಿಂತ ಒಂದು ಪಾಯಿಂಟ್ ಹೆಚ್ಚು. ಗೆಳೆಯರಿಗೆ ತಿಳಿಸಿ. ಕೆಳಗಿನಿಂದ ಮೂರನೆಯ ಸಹಿ ಯಾರದೆಂದು ಓದಲಾಗಲಿಲ್ಲ, ಹೆಸರು ಬಿಡಿಸಿ ಬರೆದು ಕಳಿಸಿ.