ಪ್ರಿನ್ಸ್ ರೂಪರ್ಟ್‌ಗೆ ಬರುವ ಮುಂಚೆ, ಸಾಗರದ ತಂಗಿಗೆ

ನಿನ್ನ ಪತ್ರ ಎರಡು ಸಲ ಓದಿದೆ. ಅಕ್ಕಾ ಅಂತ ಕರೆದಿದ್ದೀಯ, ಹಾಗಾಗಿ ನಾನೂ ನೀನು ಅಂತಲೇ ಬರೆಯುತ್ತೇನೆ. ಯಜಮಾನರಿಗೆ ಇಲ್ಲಿ, ಕೆನಡಾದ ಪಶ್ಚಿಮ ಕರಾವಳಿಯ ಪ್ರಿನ್ಸ್ ರೂಪರ್ಟ್ ಬಂದರಿನಲ್ಲಿ ಎಲೆಕ್ಟ್ರಿಶಿಯನ್ ಕೆಲಸ ಸಿಕ್ಕಿದೆ, ಮಗಳಿಗೆ ಐದು ವರ್ಷ, ನೀನು ಬೆಂಗಳೂರಿನಲ್ಲಿ ಅಕೌಂಟ್ಸ್ ನೋಡುತ್ತಿದ್ದೆ. ಮ್ಯಾಪಿನಲ್ಲಿ ಊರು ನೋಡಿ ಎದೆ ಧಸಕ್ಕೆಂದಿತು ಎಂದು ಬರೆದಿದ್ದೀಯ. ಮೀನು ತಿನ್ನದವರಿಗೆ ಅಲ್ಲಿ ಊಟ ಇದೆಯಾ, ಮಾತಾಡಲು ಜನ ಇದ್ದಾರಾ, ನನಗೊಂದು ಕೆಲಸ ಸಿಗುತ್ತಾ, ಇಲ್ಲಾಂದ್ರೆ ನಾನೂ ಮಗಳೂ ವ್ಯಾಂಕೂವರಿನಲ್ಲೇ ಇರುವುದು ಒಳ್ಳೆಯದಾ ಎಂದು ಕೇಳಿದ್ದೀಯ.

ಕೊನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ. ಬೇಡ. ವ್ಯಾಂಕೂವರ್ ಇಲ್ಲಿಂದ ರಸ್ತೆಯಲ್ಲಿ ಸುಮಾರು 1,500 ಕಿಲೋಮೀಟರ್. ವಾರಾಂತ್ಯಕ್ಕೆ ಬಂದು ಹೋಗುವ ದೂರವಲ್ಲ. ಮೂವರೂ ಒಟ್ಟಿಗೇ ಬನ್ನಿ.

ನಾನು ಕುಂದಾಪುರ ಕಡೆಯವಳು. ಬಂದು ಹನ್ನೊಂದು ವರ್ಷ ಆಯಿತು. ಮೊದಲ ಚಳಿಗಾಲ ನಾನು ಒಂದು ತಪ್ಪು ಮಾಡಿದೆ. ಅದನ್ನು ನೀನು ಮಾಡಬಾರದು ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಬೇಳೆಯಿಂದ ಹಿಡಿದು ಬಲ್ಬಿನವರೆಗೆ ಎಲ್ಲವನ್ನೂ ಆನ್‌ಲೈನಿನಲ್ಲಿ ತರಿಸಿದೆ. ಹೊರಗೆ ಮಳೆ, ಒಳಗೆ ನಾನು, ಬಾಗಿಲಲ್ಲಿ ಡಬ್ಬಗಳು. ನಾಲ್ಕು ತಿಂಗಳಲ್ಲಿ ಈ ಊರಿನ ಒಬ್ಬರ ಹೆಸರೂ ನನಗೆ ಗೊತ್ತಿರಲಿಲ್ಲ. ಒಂಟಿತನ ಅಂದರೆ ಏನು ಎಂದು ಆಗ ಗೊತ್ತಾಯಿತು.

ಜನವರಿಯಲ್ಲಿ ಸ್ಕೀನಾ ನದಿಯ ಪಕ್ಕದ ಹೆದ್ದಾರಿ ಹಿಮ ಕುಸಿದು ಬಂದ್ ಆಯಿತು. ಈ ಊರು ಕೈಯನ್ ಎನ್ನುವ ದ್ವೀಪದ ಮೇಲಿದೆ. ಒಳನಾಡಿಗೆ ಹೋಗಲು ಇರುವುದು ಅದೊಂದೇ ರಸ್ತೆ, ಹೈವೇ 16. ಲಾರಿ ಬರಲಿಲ್ಲ ಅಂದರೆ ಅಂಗಡಿಯಲ್ಲಿ ಹಾಲು, ಸೊಪ್ಪು ಮೊದಲು ಖಾಲಿ. ನನ್ನ ಮಗನಿಗೆ ಆಗ ಎರಡು ವರ್ಷ. ಮನೆ ಹತ್ತಿರದ ಸಣ್ಣ ಅಂಗಡಿಗೆ ಅವನನ್ನು ಎತ್ತಿಕೊಂಡು ಓಡಿದೆ. ಕಪಾಟು ಬರಿದಾಗಿತ್ತು. ಗಲ್ಲಾಪೆಟ್ಟಿಗೆಯ ಹಿಂದಿದ್ದ ಹೆಂಗಸು ಮಗುವಿನ ಮುಖ ನೋಡಿ ಒಳಗೆ ಹೋದರು. ತಮ್ಮ ಮನೆಗೆಂದು ಎತ್ತಿಟ್ಟಿದ್ದ ಎರಡು ಲೀಟರ್ ಹಾಲು ತಂದು ಕೊಟ್ಟರು. ಅಲ್ಲಿಯವರೆಗೆ ಆ ಅಂಗಡಿಗೆ ನಾನು ಒಂದು ಸಲವೂ ಕಾಲಿಟ್ಟಿರಲಿಲ್ಲ. ಮನೆಗೆ ಬಂದು ಅತ್ತುಬಿಟ್ಟೆ. ಆಮೇಲೆ ಬ್ರೆಡ್ಡು, ಮೊಟ್ಟೆ, ಈರುಳ್ಳಿ ಏನೇ ಇರಲಿ, ಮೊದಲು ಅವರಲ್ಲಿ ಕೇಳಿ, ಅಲ್ಲಿಲ್ಲದಿದ್ದರೆ ಮಾತ್ರ ಬೇರೆ ಕಡೆ ನೋಡುತ್ತೇನೆ. ಎರಡು ಡಾಲರ್ ಜಾಸ್ತಿ ಆದರೂ ಸರಿ.

ಮಳೆಯ ಬಗ್ಗೆ ಸಾಗರದವಳಿಗೆ ನಾನೇನು ಹೇಳಿಕೊಡಲಿ. ವರ್ಷಕ್ಕೆ 2,500 ಮಿಲಿಮೀಟರ್‌ಗೂ ಜಾಸ್ತಿ ಬೀಳುತ್ತದೆ. ಲೆಕ್ಕ ಹಾಕಿದರೆ ನಮ್ಮ ಕರಾವಳಿಗಿಂತ ಕಮ್ಮಿಯೇ. ಆದರೆ ನಮ್ಮಲ್ಲಿ ನಾಲ್ಕು ತಿಂಗಳು ಧೋ ಎಂದು ಸುರಿದು, ದೀಪಾವಳಿ ಹೊತ್ತಿಗೆ ಆಕಾಶ ತೊಳೆದಿಟ್ಟ ಹಾಗೆ ಇರುತ್ತದೆ ಅಲ್ವಾ. ಇಲ್ಲಿ ಅಕ್ಟೋಬರ್, ನವೆಂಬರಿನಲ್ಲೇ ಜೋರು, ಉಳಿದಂತೆ ವರ್ಷವಿಡೀ ಜಿಟಿಜಿಟಿ. ಗಾಳಿಗೆ ಕೊಡೆ ನಿಲ್ಲುವುದಿಲ್ಲ. ನಮ್ಮವರು ಕಂಬಳಿ ಕೊಪ್ಪೆ ಹೊದ್ದು ಗದ್ದೆಗೆ ಇಳಿಯುತ್ತಿದ್ದರಲ್ಲ, ಹಾಗೆ ಇಲ್ಲಿ ಒಳ್ಳೆಯ ರೇನ್‌ಕೋಟು ಮೈಮೇಲೆ, ಗಮ್‌ಬೂಟು ಕಾಲಿಗೆ. ಅದನ್ನು ಅಲ್ಲಿಂದ ತರಬೇಡ. ಮೀನುಗಾರರಿಗೆ ಸಾಮಾನು ಮಾರುವ ಅಂಗಡಿಯಲ್ಲಿ ತಗೋ. ದುಬಾರಿ ಅನಿಸುತ್ತದೆ, ಆದರೆ ನೀರು ಒಳಗೆ ಬರುವುದಿಲ್ಲ. ಹಿಮಕ್ಕೆ ಜಾಸ್ತಿ ಹೆದರಬೇಡ, ಸಮುದ್ರದ ಪಕ್ಕ ಆದ್ದರಿಂದ ಕೆನಡಾದ ಬೇರೆ ಊರುಗಳಷ್ಟು ಕೊರೆಯುವುದಿಲ್ಲ. ಹೆದರಬೇಕಾದ್ದು ಕತ್ತಲಿಗೆ. ಡಿಸೆಂಬರಿನಲ್ಲಿ ಬೆಳಕು ಏಳು ಗಂಟೆ ಚಿಲ್ಲರೆ ಅಷ್ಟೇ. ಮೋಡ ಕವಿದರೆ ಅದೂ ಇಲ್ಲ. ಜೂನಿನಲ್ಲಿ ಹದಿನೇಳು ಗಂಟೆ ಬೆಳಕು, ರಾತ್ರಿ ಒಂಬತ್ತೂವರೆಗೂ ಮಕ್ಕಳು ಬೀದಿಯಲ್ಲಿ ಆಡುತ್ತಿರುತ್ತಾರೆ.

ಮನೆ ಬಾಡಿಗೆಗೆ ನೋಡುವಾಗ ಗೋಡೆ ಮೂಲೆ, ಬೀರುವಿನ ಹಿಂಭಾಗ ಮುಟ್ಟಿ ನೋಡು. ಬೂಷ್ಟು ಹಿಡಿದಿರುತ್ತದೆ. ನಮಗೆ ಈ ವಿದ್ಯೆ ಕಲಿಸಿದವರು ಹಾರ್ಡ್‌ವೇರ್ ಅಂಗಡಿಯ ಹಿರಿಯರೊಬ್ಬರು. ಬಣ್ಣ ಕೊಳ್ಳಲು ಹೋದರೆ ಬಣ್ಣ ಕೊಡಲೇ ಇಲ್ಲ. ಮೊದಲು ಮನೆಯ ತೇವ ಹೀರುವ ಡಿಹ್ಯುಮಿಡಿಫೈಯರ್ ಇಡಿ, ಸ್ನಾನದ ಮನೆಯ ಫ್ಯಾನು ಸರಿ ಮಾಡಿಸಿ, ಒಂದು ತಿಂಗಳು ಬಿಟ್ಟು ಬನ್ನಿ ಎಂದರು. ಇಂಥ ಮಾತು ಆನ್‌ಲೈನಿನಲ್ಲಿ ಸಿಗುವುದಿಲ್ಲ.

ಪೇಟೆಬೀದಿ ಥರ್ಡ್ ಅವೆನ್ಯೂದಲ್ಲಿ ನಡೆದರೆ ಕೆಲವು ಅಂಗಡಿಗಳ ಗಾಜಿಗೆ ಕಾಗದ ಅಂಟಿಸಿರುವುದು ಕಾಣುತ್ತದೆ. ನೋಡಿ ಮನಸ್ಸು ಕುಗ್ಗಿಸಿಕೊಳ್ಳಬೇಡ, ಅದಕ್ಕೊಂದು ಕತೆ ಇದೆ. ಈ ಊರು ಹುಟ್ಟಿದ್ದೇ ದೊಡ್ಡ ಆಸೆಯಿಂದ. ಗ್ರ್ಯಾಂಡ್ ಟ್ರಂಕ್ ರೈಲ್ವೆಯ ಅಧ್ಯಕ್ಷ ಚಾರ್ಲ್ಸ್ ಹೇಸ್ ಇದನ್ನು ವ್ಯಾಂಕೂವರಿಗೆ ಸಮನಾದ ಬಂದರು ಮಾಡಬೇಕೆಂದಿದ್ದರು. 1912ರಲ್ಲಿ ಟೈಟಾನಿಕ್ ಹಡಗಿನೊಂದಿಗೆ ಮುಳುಗಿದರು. 1914ರಲ್ಲಿ ರೈಲು ಬಂತು, ಆದರೆ ಅವರು ಕಂಡ ಊರು ಬರಲಿಲ್ಲ. ಆಮೇಲೆ ಮೀನು ಕೈ ಹಿಡಿಯಿತು. ಹಾಲಿಬಟ್ ಮೀನಿನ ರಾಜಧಾನಿ ಎಂದೇ ಕರೆಯುತ್ತಿದ್ದರು. ವಾಟ್ಸನ್ ದ್ವೀಪದ ಪಲ್ಪ್ ಮಿಲ್, ಅಂದರೆ ಕಾಗದಕ್ಕೆ ಮರದ ತಿರುಳು ಮಾಡುವ ಕಾರ್ಖಾನೆ, 2001ರಲ್ಲಿ ಮುಚ್ಚಿತು, ಮೀನು ಪ್ಯಾಕ್ ಮಾಡುವ ಕೆಲಸವೂ ಇಳಿಯಿತು. 1996ರಲ್ಲಿ 16,000 ದಾಟಿದ್ದ ಜನಸಂಖ್ಯೆ ಈಗ 12,000ದ ಆಸುಪಾಸು. 2007ರಲ್ಲಿ ಫೇರ್‌ವ್ಯೂ ಕಂಟೇನರ್ ಟರ್ಮಿನಲ್ ಶುರುವಾದ ಮೇಲೆ ಊರು ಮತ್ತೆ ಉಸಿರಾಡಿತು. ಉತ್ತರ ಅಮೆರಿಕದ ದೊಡ್ಡ ಬಂದರುಗಳಲ್ಲಿ ಏಷ್ಯಾಕ್ಕೆ ಅತಿ ಹತ್ತಿರದ್ದು ಇದೇ. ನಿನ್ನ ಯಜಮಾನರ ಸಂಬಳ ಬರುವುದು ಆ ಹತ್ತಿರದಿಂದಲೇ. ಅಷ್ಟು ಪೆಟ್ಟು ತಿಂದೂ ಬಾಗಿಲು ತೆರೆದಿಟ್ಟ ಅಂಗಡಿಯವರು ಇವರು. ಅದಕ್ಕೇ ನನಗೆ ಇವರ ಮೇಲೆ ಇಷ್ಟು ಗೌರವ.

ಊಟದ ವಿಷಯಕ್ಕೆ ಬರುತ್ತೇನೆ. ಸೇಫ್‌ವೇ, ಸೇವ್-ಆನ್ ಎನ್ನುವ ದೊಡ್ಡ ದಿನಸಿ ಅಂಗಡಿಗಳು ಎರಡೂ ಇವೆ. ಗೋಧಿ ಹಿಟ್ಟು, ಕೆಲವು ಬೇಳೆ, ತೆಂಗಿನ ಹಾಲು ಸಿಗುತ್ತವೆ. ಇಲ್ಲದ್ದನ್ನು ಮ್ಯಾನೇಜರ್ ಹತ್ತಿರ ಕೇಳು, ನಿಜವಾಗಿ ತರಿಸುತ್ತಾರೆ. ನಾನು ಕೇಳಿದ ಮೇಲೆ ಉದ್ದಿನ ಬೇಳೆ ಬಂತು. ಇಡ್ಲಿ ಅಕ್ಕಿ, ಹುಣಸೆಹಣ್ಣು, ಸಾರಿನ ಪುಡಿಯ ಸಾಮಾನು ನಾವು ವರ್ಷಕ್ಕೆ ಎರಡು ಸಲ ವ್ಯಾಂಕೂವರ್ ಪಕ್ಕದ ಸರ್ರೆಯಿಂದ ತರಿಸಿಕೊಂಡು ಹಂಚಿಕೊಳ್ಳುತ್ತೇವೆ. ಕರಿಬೇವಿಗೆ ಮಾತ್ರ ದಾರಿ ಇಲ್ಲ, ಒಣಗಿಸಿ ತಾ. ದೋಸೆ ಹಿಟ್ಟು ಹುದುಗು ಬರಲು ಪಾತ್ರೆಯನ್ನು ಓವನ್ ಒಳಗಿಟ್ಟು ದೀಪ ಮಾತ್ರ ಹಾಕಿಡು, ಬೆಳಿಗ್ಗೆಗೆ ಉಬ್ಬಿರುತ್ತದೆ. ಊರಿನಲ್ಲಿ ಗುರುದ್ವಾರ ಇದೆ. ಮಿಲ್ಲು, ಮೀನಿನ ಕಾರ್ಖಾನೆ ಕಾಲದಿಂದ ಇರುವ ಪಂಜಾಬಿ ಮನೆಗಳಿವೆ. ಗುರುದ್ವಾರದ ಲಂಗರ್ ಊಟಕ್ಕೆ ಹೋಗು, ಸಸ್ಯಾಹಾರ, ಯಾರೂ ಯಾಕೆ ಬಂದೆ ಎನ್ನುವುದಿಲ್ಲ. ಕನ್ನಡದವರು ನನಗೆ ಗೊತ್ತಿರುವಂತೆ ಮೂರೇ ಮನೆ. ನೀವು ಬಂದರೆ ನಾಲ್ಕು.

ಮೀನು ತಿನ್ನದಿದ್ದರೂ ಕೌ ಬೇ ಎನ್ನುವ ಕಡಲ ಬದಿಯ ಪೇಟೆಗೆ ಮಾತ್ರ ಹೋಗಲೇಬೇಕು. ಒಂದು ಕಾಲದಲ್ಲಿ ದೋಣಿ ಕಟ್ಟೆ ಇಲ್ಲದೆ ಹಸುಗಳನ್ನು ಈಜಿಸಿ ದಡಕ್ಕೆ ತಂದರಂತೆ, ಅದಕ್ಕೆ ಆ ಹೆಸರು. ಕಸದ ಡಬ್ಬಕ್ಕೂ ಹಸುವಿನ ಮೈಯ ಕಪ್ಪು ಬಿಳಿ ಮಚ್ಚೆಯ ಬಣ್ಣ. ನಿನ್ನ ಮಗಳಿಗೆ ಖಂಡಿತ ಇಷ್ಟವಾಗುತ್ತದೆ. ಅಲ್ಲಿ ಕಾಫಿ ಅಂಗಡಿ ಇದೆ, ಮೀನಿನ ಅಂಗಡಿ ಇದೆ, ಬೇಸಿಗೆಯಲ್ಲಿ ಕ್ರೂಸ್ ಹಡಗು ಬಂದ ದಿನ ಜಾತ್ರೆ. ಆ ಒಂದು ಮಧ್ಯಾಹ್ನದ ವ್ಯಾಪಾರದಲ್ಲಿ ಕೆಲವರು ಚಳಿಗಾಲದ ಬಾಡಿಗೆ ಕಟ್ಟುತ್ತಾರೆ. ನಾವು ಊರಿನವರು ಅಂದು ದೂರ ಉಳಿದು, ನವೆಂಬರಿನ ಮಳೆಯಲ್ಲಿ ಹೋಗಿ ಕಾಫಿ ಕುಡಿಯುತ್ತೇವೆ. ಅವರಿಗೆ ಬೇಕಾದ್ದು ಆ ನವೆಂಬರಿನ ಕಾಫಿ.

ಮೀನಿನ ಬಗ್ಗೆ ನನ್ನ ಸಲುವಾಗಿ ನಾಲ್ಕು ಸಾಲು ಸಹಿಸಿಕೋ. ಕಟ್ಟೆಯಲ್ಲಿ ದೋಣಿಯಿಂದಲೇ ಏಡಿ, ಸಿಗಡಿ ಕೊಳ್ಳಬಹುದು. ಹಾಲಿಬಟ್ ನಮ್ಮ ತೆಂಗಿನಕಾಯಿ, ಬ್ಯಾಡಗಿ ಮೆಣಸಿನ ಸಾರಿಗೆ ಹೇಳಿ ಮಾಡಿಸಿದ ಮೀನು. ಸಾಮನ್ ಸಾರಿಗೆ ಒಗ್ಗುವುದಿಲ್ಲ, ಕೊಬ್ಬು ಜಾಸ್ತಿ, ಕಾವಲಿಗೆ ಹಾಕಿದರೆ ಚೆನ್ನ. ಹೆರಿಂಗ್ ಬಂತೆಂದರೆ ಬೂತಾಯಿಯ ನೆನಪು. ಒಂದು ದಿನ ಮೀನಿನ ಅಂಗಡಿಯವರಿಗೆ ಸಾರು ಮಾಡಿ ಒಯ್ದು ಕೊಟ್ಟೆ. ಅಂದಿನಿಂದ ಹಾಲಿಬಟ್ಟಿನ ತಲೆ ನನಗೇ ಎತ್ತಿಡುತ್ತಾರೆ. ನಿನಗೆ ಕಾಡಿನ ಹಣ್ಣುಗಳಿವೆ. ಸಾಮನ್‌ಬೆರ್ರಿ, ಹಕಲ್‌ಬೆರ್ರಿ, ಬ್ಲೂಬೆರ್ರಿ. ಒಬ್ಬಳೇ ಹೋಗಬೇಡ, ಕರಡಿಗೂ ಅವು ಬೇಕು. ಅದೇ ಕಾರಣಕ್ಕೆ ಕಸದ ಡಬ್ಬ ರಾತ್ರಿ ಹೊರಗಿಡಬಾರದು.

ಇದು ತ್ಸಿಮ್ಶಿಯನ್ ಜನರ ನೆಲ. ಊರಿನಲ್ಲಿ ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ಇಲ್ಲಿನ ಮೂಲ ನಿವಾಸಿಗಳು. ಶಾಲೆಯಲ್ಲಿ ಅವರ ಭಾಷೆ ಸ್ಮಾಲ್ಗ್ಯಾಕ್ಸ್ ಕಲಿಸುತ್ತಾರೆ. ನಿನ್ನ ಮಗಳೂ ಕಲಿಯಲಿ. ಇಲ್ಲಿ ಹಿಂದೆ ಅವರನ್ನು ‘ಇಂಡಿಯನ್’ ಎನ್ನುತ್ತಿದ್ದರು, ಆ ಪದಕ್ಕೆ ನೋವಿನ ಚರಿತ್ರೆ ಇದೆ. ಹಾಗಾಗಿ ನಿನ್ನ ಬಗ್ಗೆ ಹೇಳುವಾಗ ಭಾರತದಿಂದ ಬಂದವಳು ಎನ್ನು, ಅವರನ್ನು ಫಸ್ಟ್ ನೇಷನ್ಸ್ ಎನ್ನು. ಸೆಪ್ಟೆಂಬರ್ 30ಕ್ಕೆ ಎಲ್ಲರೂ ಕಿತ್ತಳೆ ಅಂಗಿ ಹಾಕುತ್ತಾರೆ, ಹಿಂದೆ ಮನೆಯಿಂದ ಬಲವಂತವಾಗಿ ವಸತಿ ಶಾಲೆಗಳಿಗೆ ಎಳೆದೊಯ್ದ ಈ ಜನರ ಮಕ್ಕಳ ನೆನಪಿಗೆ. ಮಗಳಿಗೂ ಒಂದು ತೆಗೆದುಕೊಡು.

ಫೆಬ್ರವರಿಯಲ್ಲಿ ಮೂಲ ನಿವಾಸಿಗಳ ಆಲ್ ನೇಟಿವ್ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ. ಕರಾವಳಿಯ ಹಳ್ಳಿಹಳ್ಳಿಗಳಿಂದ, ಹೈಡಾ ಗ್ವಾಯಿ ದ್ವೀಪಗಳಿಂದ ತಂಡಗಳು ಬರುತ್ತವೆ. ಹೋಟೆಲು ಭರ್ತಿ, ಅಂಗಡಿ ಗಾಜಿನ ಮೇಲೆಲ್ಲ ತಂಡಗಳ ಹೆಸರು. ಅಜ್ಜಿಯರು ಕಂಬಳಿ ಹೊದ್ದು ಮೊದಲ ಸಾಲಿನಲ್ಲಿ ಕೂತು ಮೊಮ್ಮಗನ ಹೆಸರು ಕೂಗುತ್ತಾರೆ. ನಮ್ಮೂರ ಕಂಬಳದ ಗದ್ದೆ ಬದಿಯ ಗದ್ದಲ ಕಿವಿಗೆ ಬಂದ ಹಾಗಾಗುತ್ತದೆ ನನಗೆ. ಚಳಿಗಾಲದ ಅತಿ ಕಷ್ಟದ ತಿಂಗಳು ಆ ಒಂದು ವಾರದಿಂದ ಹಗುರಾಗುತ್ತದೆ. ಟಿಕೆಟ್ ತಗೊಂಡು ಹೋಗಿ ಕೂರು.

ಕಷ್ಟಗಳನ್ನೂ ಮುಚ್ಚಿಡುವುದಿಲ್ಲ. ಫ್ಯಾಮಿಲಿ ಡಾಕ್ಟರ್ ಸಿಗಲು ಕಾಯಬೇಕು. ನಾನು ಒಂದು ಸ್ಕ್ಯಾನಿಗೆ ವ್ಯಾಂಕೂವರಿಗೆ ಹೋಗಿ ಬಂದೆ, ಮೂರು ದಿನ ಹಿಡಿಯಿತು. ನಮ್ಮ ಪ್ರಾಂತ್ಯ ಬ್ರಿಟಿಷ್ ಕೊಲಂಬಿಯಾದ ಆರೋಗ್ಯ ವಿಮೆ ಎಂಎಸ್‌ಪಿ, ನೀವು ಬಂದ ತಿಂಗಳು ಬಿಟ್ಟು ಇನ್ನೆರಡು ತಿಂಗಳಾದ ಮೇಲೆ ಶುರು. ಅಷ್ಟರವರೆಗೆ ಖಾಸಗಿ ವಿಮೆ ಮಾಡಿಸಿಕೊಂಡೇ ಬಾ. ರಾತ್ರಿ ಮಗುವಿಗೆ ಜ್ವರ ಬಂದರೆ 811ಕ್ಕೆ ಫೋನ್ ಮಾಡು, ನರ್ಸ್ ಮಾತಾಡುತ್ತಾರೆ. ಊರಿನ ನೀರಿನ ಪೈಪುಗಳು ಹಳೆಯವು, ಕುದಿಸಿ ಕುಡಿಯಿರಿ ಎಂದು ಒಮ್ಮೊಮ್ಮೆ ಸೂಚನೆ ಬರುತ್ತದೆ. ನಮಗೇನು ಹೊಸದಲ್ಲ. ಭಾರತದ ಲೈಸೆನ್ಸನ್ನು 90 ದಿನದೊಳಗೆ ಬದಲಿಸಿಕೊಳ್ಳಬೇಕು, ಆರ್‌ಟಿಒದಿಂದ ಎಷ್ಟು ವರ್ಷದ ಅನುಭವ ಎಂಬ ಪತ್ರ ತಂದರೆ ಅನುಕೂಲ. ಅಕ್ಟೋಬರ್ 1ರಿಂದ ಹೆದ್ದಾರಿಗೆ ವಿಂಟರ್ ಟೈರ್ ಕಡ್ಡಾಯ. ಅಂಗಡಿಯಲ್ಲಿ ಬರೆದ ಬೆಲೆಗೆ ತೆರಿಗೆ ಸೇರಿರುವುದಿಲ್ಲ, ಕೇಂದ್ರದ ಜಿಎಸ್‌ಟಿ 5, ಪ್ರಾಂತ್ಯದ ಪಿಎಸ್‌ಟಿ 7 ಶೇಕಡಾ ಆಮೇಲೆ ಸೇರುತ್ತದೆ. ಅಕ್ಕಿ, ತರಕಾರಿ, ಹಾಲಿಗೆ ಇಲ್ಲ.

ನಿನ್ನ ಕೆಲಸದ ಬಗ್ಗೆ ನನಗೆ ಚಿಂತೆ ಇಲ್ಲ. ಇಲ್ಲಿನ ಸಣ್ಣ ವ್ಯಾಪಾರಿಗಳಿಗೆ ಲೆಕ್ಕ ಬರೆಯುವವರು ಸಿಗದೆ ಒದ್ದಾಡುತ್ತಾರೆ. ಸಂಬಳದ ಲೆಕ್ಕ, ಜಿಎಸ್‌ಟಿ, ಪಿಎಸ್‌ಟಿ ಸಲ್ಲಿಸುವುದು. ಮೊದಲು ವರ್ಕ್ ಪರ್ಮಿಟ್ ನಿನಗೂ ಇದೆಯಾ ನೋಡಿಕೋ. ಆಮೇಲೆ ಕೋಸ್ಟ್ ಮೌಂಟನ್ ಕಾಲೇಜಿನ ಕ್ಯಾಂಪಸ್ಸಿಗೆ ಹೋಗಿ ಇಲ್ಲಿನ ಬುಕ್‌ಕೀಪಿಂಗ್ ಕಲಿಯಲು ಏನಿದೆ ಕೇಳು. ಸುಮ್ನೆ ಅರ್ಜಿ ಹಾಕುತ್ತಾ ಕೂರಬೇಡ. ಒಂದೇ ಅಂಗಡಿಗೆ ಹತ್ತು ಸಲ ಹೋಗು, ಮಾತಾಡು, ಏನು ಗೊತ್ತು ಎಂದು ಹೇಳು. ನನಗೆ ಬೇಕರಿಯಲ್ಲಿ ಕೆಲಸ ಸಿಕ್ಕಿದ್ದು ಹಾಗೆ, ಬ್ರೆಡ್ಡು ಕೊಳ್ಳುವಾಗ.

ವಿಮಾನ ನಿಲ್ದಾಣ ಡಿಗ್ಬಿ ದ್ವೀಪದಲ್ಲಿದೆ. ಇಳಿದ ಮೇಲೆ ಬಸ್ಸು, ಬಸ್ಸೇ ಫೆರಿ ಹತ್ತಿ ಸಮುದ್ರ ದಾಟಿ ಊರಿಗೆ ಬರುತ್ತದೆ. ಮಂಜು ಕವಿದರೆ ವಿಮಾನ ಟೆರೇಸ್ ಎನ್ನುವ ಊರಿನಲ್ಲಿ ಇಳಿಯಬಹುದು, 145 ಕಿಲೋಮೀಟರ್ ದೂರ. ಹಾಗಾದರೆ ಗಾಬರಿಯಾಗದೆ ನನಗೆ ಫೋನ್ ಮಾಡು, ನಾವು ಕಾರು ತರುತ್ತೇವೆ. ಮೇ ತಿಂಗಳಲ್ಲಿ ಬರಲು ಆದರೆ ಒಳ್ಳೆಯದು, ಕತ್ತಲು ಬರುವ ಮುಂಚೆ ಬೇಸಿಗೆ ಪೂರ್ತಿ ಜನರ ಪರಿಚಯ ಮಾಡಿಕೊಳ್ಳಲು ಸಿಗುತ್ತದೆ.

ಮಗಳ ಪಾದದ ಅಳತೆ ಸೆಂಟಿಮೀಟರಿನಲ್ಲಿ ಕಳಿಸು. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಒಳ್ಳೆಯ ಗಮ್‌ಬೂಟು ಬಂದರೆ ಎತ್ತಿಡಲು ಹೇಳಿದ್ದೇನೆ.